ಟವೆಲ್ಲಿನೊಳಗಿನ ಕೈ

ಟವೆಲ್ಲಿನ ಮರೆಯಲ್ಲಿ ಶ್ರೀಪಾಲ ಕಲಂದರನ ಬಲಗೈಯ ಇನ್ನೊಂದು ಬೆರಳನ್ನೂ ಸೇರಿಸಿ ಹಿಡಿದ. ನಂದಗಡದ ಸಂತೆಯಲ್ಲಿ ಎತ್ತಿನ ದಲಾಲಿ ಮಾಡಿದ್ದ ಕಲಂದರ ಬೆಳಗಾವಿಗೆ ಬಂದು ಹಳೇ ಕಾರು ಮಾರತೊಡಗಿದ ಮೇಲೂ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಟವೆಲ್ ಹೊದಿಸಿ, ಬೆರಳು ಹಿಡಿಸಿಯೇ ಕುದುರಿಸುತ್ತಿದ್ದ; ಬೆರಳು ಹೆಚ್ಚಿದಷ್ಟೂ ದರ ಹೆಚ್ಚು. ಈಗ ಅವನ ಎಡಗೈ ಇನ್ನೊಂದು ಟವೆಲ್ಲಿನಡಿ ಬಾಹುಬಲಿಯ ಕೈಯಲ್ಲಿತ್ತು.

ಬಾಹುಬಲಿ ಶ್ರೀಪಾಲನ ಚಿಕ್ಕಪ್ಪನ ಮಗ. ಖಾನಾಪುರದ ಪೇಟೆಯಲ್ಲಿ ಇಬ್ಬರದೂ ಎದುರುಬದುರು ಅರಿವೆ ಅಂಗಡಿ. ಅವನು ಬೋರ್ಡಿಗೆ ಹೊಸ ಬಣ್ಣ ಹೊಡೆಸಿದರೂ ಇವನಿಗೆ ಊಟ ಸೇರುತ್ತಿರಲಿಲ್ಲ. ಈಗ ಎದುರಿಗೆ ಮಾರಾಟಕ್ಕಿದ್ದ ಬಿಳಿ ಅಂಬಾಸಿಡರ್ ಅವನ ಅಂಗಡಿಯ ಮುಂದೆ ನಿಲ್ಲುವುದನ್ನು ನೆನೆದೇ ಶ್ರೀಪಾಲನ ಹೊಟ್ಟೆ ಉರಿಯಿತು. ಆ ಅಂಬಾಸಿಡರ್ ಕೊಳ್ಳಲೆಂದೇ ತನ್ನ ಹಳೇ ಫಿಯಾಟನ್ನು ಕಲಂದರ ಕೇಳಿದ ದರಕ್ಕೆ ಬಿಟ್ಟುಕೊಟ್ಟಿದ್ದ. ಬಾಹುಬಲಿಯ ಟವೆಲ್ ಅಲುಗಿದಾಗಲೆಲ್ಲ ಇವನು ಇನ್ನೊಂದು ಬೆರಳು ಹಿಡಿದ.

"ಆತು ಬಿಡ್ರಿ ಸಾವಕಾರ್ರ, ಅಂಬಾಸಿಡರ್ ನಿಮ್ದು," ಎಂದು ಕಲಂದರ ಕೀಲಿ ಕೊಟ್ಟ.

ಶ್ರೀಪಾಲ ಗೆದ್ದವನಂತೆ ಬಾಹುಬಲಿಯ ಮೋರೆ ನೋಡಿದ. ಅದು ಬಾಡಿರಲಿಲ್ಲ. ಅವನ ಕೈ ಇನ್ನೂ ಟವೆಲ್ಲಿನೊಳಗೇ ಇತ್ತು.

"ಮತ್ತ ಇಂವಂದೇನ ವ್ಯವಹಾರ?"

"ಅವರು ಅಂಬಾಸಿಡರ್ ಕೇಳಾಕ ಬಂದಿಲ್ರಿ," ಎಂದ ಕಲಂದರ. "ನೀವು ಬಿಟ್ಟ ಫಿಯಾಟ್ ಬೇಕಂತ."

ಶ್ರೀಪಾಲ ಹೊರಳಿ ನೋಡಿದ. ಬೇವಿನ ನೆರಳಿನಲ್ಲಿ ನಿಂತಿದ್ದ ಆ ಫಿಯಾಟ್ ಇಷ್ಟು ಚೆಂದ ಎಂದು ಇಷ್ಟು ವರ್ಷ ಅವನಿಗೆ ಗೊತ್ತೇ ಇರಲಿಲ್ಲ. ಅಂಬಾಸಿಡರಿನ ಕೀಲಿಯನ್ನು ಕಿಸೆಗೆ ತುರುಕಿ, ಕಲಂದರನ ಬಾಜು ಮತ್ತೆ ಕುಳಿತು, ಟವೆಲ್ಲಿನೊಳಗೆ ಕೈ ಹಾಕಿದ.