ಭೇಟಿಯ ವೇಳೆ

ಬಾಬು ತನ್ನ ಸ್ವಂತ ಹೆಂಡತಿಯನ್ನು ನೋಡಲು ಗೇಟಿನ ಹೊರಗೆ ಕಾಯುತ್ತಾ ನಿಂತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಅಂಗಿಯ ಗುಂಡಿಗಳನ್ನೆಲ್ಲ ಹಾಕಿದ್ದ, ಉಪ್ಪು ಖಾರ ಸವರಿದ ಪೇರಳೆ ಹಣ್ಣನ್ನು ಕಾಗದದಲ್ಲಿ ಸುತ್ತಿ ಹಿಡಿದಿದ್ದ. ಸಂಜೆ ಐದಾಗಿ ಗೇಟು ತೆರೆದದ್ದೇ ತಡ, ಒಳಗಿನ ಕಿಟಕಿಯಿಂದ ನಾಲ್ಕೈದು ಹೆಂಗಸರು ಇಣುಕಿ, "ವಿಮಲಾ, ಮಾಪಿಳ್ಳೈ ವಂದಾಚು" ಎಂದು ತಮಿಳಿನಲ್ಲಿ ಛೇಡಿಸಿದರು. ಮದುಮಗ ಬಂದನಂತೆ. ಮದುಮಗನಿಗೆ ಅರವತ್ತರ ಆಸುಪಾಸು.

ಬಾಬು ಸಪ್ಲಯರ್ ಆಗಿದ್ದ ಉಡುಪಿ ಹೋಟೆಲು ಮುಚ್ಚಿದ ಮೇಲೆ ಗಂಡ ಹೆಂಡತಿ ಚೆನ್ನೈಯ ಪ್ಯಾರೀಸ್ ಕಾರ್ನರಿನಲ್ಲಿ, ಅದೇ ಹೋಟೆಲಿನ ಶಟರ್ ಎದುರು, ಫುಟ್‌ಪಾತಿನ ಮೇಲೆ ಸಂಸಾರ ಹೂಡಿದ್ದರು. ಕಳೆದ ಮಳೆಯಲ್ಲಿ ಕಾರ್ಪೊರೇಷನ್ನಿನವರು ವ್ಯಾನು ತಂದು ಇಬ್ಬರಿಗೂ ಸೂರು ಕೊಟ್ಟರು. ಆದರೆ ಅವನಿಗೆ ಎಗ್ಮೋರಿನ ಹತ್ತಿರ ಗಂಡಸರ ಶೆಲ್ಟರು, ಅವಳಿಗೆ ಇಲ್ಲಿ ಹೆಂಗಸರ ಶೆಲ್ಟರು. ಅವತ್ತು ಇಬ್ಬರೂ ಅತ್ತದ್ದನ್ನು ನೋಡಿ ಇಲ್ಲಿನ ಮೇಲ್ವಿಚಾರಕಿ ಸಮೀಕ್ಷಾಳಿಗೆ ಊಟ ಸೇರಿರಲಿಲ್ಲ. ಮೈಸೂರು ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಚೆನ್ನೈಯಲ್ಲಿ. ಮಾತು ಕನ್ನಡದಲ್ಲಿ ಶುರು ಮಾಡಿದರೂ ಮುಗಿಸುವಾಗ ಅದು ತಮಿಳಾಗಿರುತ್ತಿತ್ತು. ಅಂದಿನಿಂದ ಆಕೆ, ಇವರಿಬ್ಬರಿಗೂ ಒಂದೇ ಕಡೆ ಜಾಗ ಕೊಡಿ ಎಂದು ಕಂಡ ಅಧಿಕಾರಿಗಳನ್ನೆಲ್ಲ ಕಾಡಿ ಬೇಡಿದ್ದಳು.

ಇವತ್ತು ಅವಳು ಫೋನು ಹಿಡಿದುಕೊಂಡೇ ಓಡಿಬಂದಳು. ಗಂಡ ಹೆಂಡತಿ ಬೇವಿನ ಮರದ ಕೆಳಗಿನ ಸಿಮೆಂಟ್ ಬೆಂಚಿನಲ್ಲಿ ಕೂತು ಪೇರಳೆ ತಿನ್ನುತ್ತಿದ್ದರು.

"ಬಾಬಣ್ಣ, ಫ್ಯಾಮಿಲಿ ಶೆಲ್ಟರ್‌ನಲ್ಲಿ ಒಂದು ರೂಮ್ ಖಾಲಿ ಆಗಿದೆ. ತಾಂಬರಂ ರೈಲಿನ ದಾರೀಲೇ. ಇಬ್ಬರಿಗೂ ಒಂದೇ ರೂಮ್, ಬಾಗಿಲು ಚಿಲಕ ಎಲ್ಲಾ ಇದೆ. ಆದ್ರೆ ಈಗ್ಲೇ ಹೂಂ ಅನ್ಬೇಕು, ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಸಾರ್ ಲೈನ್‌ನಲ್ಲೇ ಇದ್ದಾರೆ. ಸೀಕ್ರಂ ಹೇಳಿ."

"ಅದಕ್ಕೆ ಕೇಳ್ಲಿಕ್ಕೆ ಎಂತ ಉಂಟು ಮೇಡಂ? ಇವತ್ತೇ ಹೋಗುವ," ಎಂದು ಬಾಬು ಎದ್ದೇಬಿಟ್ಟ.

ವಿಮಲಾ ಏಳಲಿಲ್ಲ. ಬಾಯಲ್ಲಿದ್ದ ಹೋಳನ್ನು ನುಂಗಿ ಕೇಳಿದಳು. "ಅಲ್ಲಿ ನೋಡ್ಲಿಕ್ಕೆ ಬರುವ ಟೈಮು ಎಷ್ಟೊತ್ತಿಗೆ?"

"ನಿಮ್ಮದೇ ರೂಮ್ ಅಕ್ಕ. ಟೈಮ್ ಗೀಮ್ ಏನೂ ಇಲ್ಲ. ಬಾಬಣ್ಣ ಯಾವಾಗ್ಲೂ ಅಲ್ಲೇ ಇರ್ತಾರೆ."

"ಹಾಗಾದ್ರೆ ನಂಗೆ ಬೇಡ."

ಬಾಬು ಮತ್ತೆ ಕುಳಿತ. ಮುಖ ಸಣ್ಣದಾಗಿತ್ತು. "ಯಾರಾದ್ರೂ ನನ್ನ ಮೇಲೆ ಚಾಡಿ ಹೇಳಿದ್ರಾ? ಬೀಡಿ ಸಹ ಬಿಟ್ಟಿದ್ದೇನೆ ಮಾರಾಯ್ತಿ."

"ಅದನ್ನೇ ನಾನು ಹೇಳುದು," ಎಂದಳು ವಿಮಲಾ. ಗಂಡನಿಗೆ ಹೇಳಬೇಕಾದ್ದನ್ನು ಸಮೀಕ್ಷಾಳ ಕಡೆ ತಿರುಗಿ ಹೇಳತೊಡಗಿದಳು. "ಹೋಟೆಲಿನಲ್ಲಿ ಬಂದವರಿಗೆಲ್ಲ ಮತ್ತೆಂತ ಬೇಕು, ಮತ್ತೆಂತ ಬೇಕು ಅಂತ ಕೇಳಿ ಕೇಳಿ, ನನ್ನ ಹತ್ರ ಬರುವಾಗ ಇವ್ರ ಬಾಯಲ್ಲಿ ಮಾತೇ ಇರ್ತಿರ್ಲಿಲ್ಲ. ಉಂಡ್ಯಾ ಅಂತ ಒಂದು ದಿನ ಕೇಳಿದವರಲ್ಲ. ಹೋಟೆಲು ಮುಚ್ಚಿದ ಮೇಲೆ ಫುಟ್‌ಪಾತಿನಲ್ಲಿಯೂ ಬೆನ್ನು ಹಾಕಿ ಕೂತದ್ದೇ. ಈಗ ನೋಡಿ. ದಿನಾ ಸ್ನಾನ ಮಾಡಿ ಬರ್ತಾರೆ. ಮಧ್ಯಾಹ್ನ ಎಂತ ಸಾಂಬಾರು ಅಂತ ಕೇಳ್ತಾರೆ. ಮೊನ್ನೆ ನಂಗೆ ಬಿದ್ದ ಕನಸನ್ನು ಕೊನೆವರೆಗೆ ಕೇಳಿದ್ರು. ರೂಮು ಸಿಕ್ಕಿದ್ರೆ ಇವ್ರು ಮತ್ತೆ ಗಂಡ ಆಗ್ತಾರೆ ಮೇಡಂ."

ಸಮೀಕ್ಷಾಳಿಗೆ ನಗು ಬಂತು, ಕೂಡಲೇ ಗಾಬರಿಯೂ ಆಯಿತು. ನಗರದಲ್ಲಿ ಗಂಡಸರಿಗೆ, ಹೆಂಗಸರಿಗೆ, ಸಂಸಾರಸ್ಥರಿಗೆ, ಆಸ್ಪತ್ರೆಯ ರೋಗಿಗಳ ಜೊತೆ ಬಂದವರಿಗೆ, ಎಲ್ಲರಿಗೂ ಒಂದೊಂದು ಏರ್ಪಾಡಿತ್ತು. ಪ್ರೀತಿಸಿ ಓಡಾಡುತ್ತಿರುವ ಮುದುಕರಿಗೆ ಇರಲಿಲ್ಲ. ಫೋನಿನೊಳಗಿಂದ ಸಾರ್ "ಹಲೋ, ಹಲೋ" ಎನ್ನುತ್ತಿದ್ದರು.

ಬಾಬು ನೆಲ ನೋಡುತ್ತಾ ಕೂತಿದ್ದ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು. "ಕೇಳ್ಬಾರ್ದು ಅಂತ ಅಲ್ಲ," ಎಂದ ಮೆಲ್ಲಗೆ. "ನೀನು ಅಲ್ಲೇ ಇರ್ತಿದ್ದೆಯಲ್ಲ. ನಾಳೆ ಕೇಳಿದ್ರಾಯ್ತು ಅಂತ. ಇಲ್ಲಿ ಆರು ಗಂಟೆಗೆ ಬೆಂಚಿನಿಂದ ಎಬ್ಬಿಸಿ ಕಳಿಸ್ತಾರೆ. ಎಗ್ಮೋರಿಗೆ ಹೋಗಿ ಮುಟ್ಟುವವರೆಗೆ, ಅದು ಕೇಳ್ಳಿಲ್ಲ, ಇದು ಕೇಳ್ಳಿಲ್ಲ ಅಂತಲೇ ತಲೆಯಲ್ಲಿ."

ವಿಮಲಾಳ ಕಣ್ಣು ತುಂಬಿತು. ಇಲ್ಲಿ ಮೂವತ್ತು ಹೆಂಗಸರ ನಡುವೆ ಮಲಗಿದರೂ ಅವನ ಗೊರಕೆಯಿಲ್ಲದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆದರೆ ಅದನ್ನು ಈಗಲೇ ಹೇಳಿ ಅವನನ್ನು ಅಟ್ಟಕ್ಕೆ ಏರಿಸುವಷ್ಟು ದಡ್ಡಿ ಅವಳಲ್ಲ.

"ಒಂದು ಕೆಲಸ ಮಾಡುವ," ಎಂದಳು. "ಅಲ್ಲಿಯೂ ಐದು ಗಂಟೆಗೆ ನೀವು ಹೊರಗೆ ಹೋಗ್ಬೇಕು. ಮುಖ ತೊಳ್ದು, ಬಾಗಿಲು ತಟ್ಟಿ, ನನ್ನನ್ನು ನೋಡ್ಲಿಕ್ಕೆ ಬರ್ಬೇಕು. ದಿನಾ. ಒಪ್ಪಿಗೆ ಇದ್ರೆ ಹೇಳಿ."

ಬಾಬು ತಲೆಯಾಡಿಸಿದ. ಸಮೀಕ್ಷಾ ಫೋನಿನಲ್ಲಿ "ಓಕೆ ಸಾರ್" ಎಂದು ಹೇಳಿ ನಿಟ್ಟುಸಿರುಬಿಟ್ಟಳು.

ಕೆಲವು ದಿನ ಬಿಟ್ಟು ಅವರ ಸಂಸಾರ ಹೇಗೆ ಸಾಗಿದೆಯೆಂದು ನೋಡಲು ಸಮೀಕ್ಷಾ ಅಲ್ಲಿಗೆ ಹೋದಳು. ಸಂಜೆ ಐದರ ಹೊತ್ತು. ವರಾಂಡದುದ್ದಕ್ಕೂ ರೂಮುಗಳ ಬಾಗಿಲು ಮುಚ್ಚಿದ್ದವು. ಒಂದೊಂದು ಬಾಗಿಲಿನ ಹೊರಗೂ ಒಬ್ಬೊಬ್ಬ ಗಂಡಸು ನಿಂತಿದ್ದ. ಒಬ್ಬನ ಕೈಯಲ್ಲಿ ಬಾಳೆಹಣ್ಣು, ಇನ್ನೊಬ್ಬನ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ. ಕೊನೆಯಲ್ಲಿ ಬಾಬು.

ಅವಳು ಅವನ ಬಳಿಗೆ ಓಡಿದಳು. "ಏನಾಯ್ತು ಬಾಬಣ್ಣ? ಎಲ್ಲರನ್ನೂ ಹೊರಗೆ ಹಾಕಿಬಿಟ್ರಾ?"

"ಮೆಲ್ಲ ಮಾತಾಡಿ ಮೇಡಂ," ಎಂದ ಬಾಬು. "ಒಳಗೆ ಹೆಂಗಸರೂ ತಲೆ ಬಾಚಿಕೊಳ್ತಾ ಇದ್ದಾರೆ."