ಹತ್ತು ಬೀಜ

ಹೊಟ್ಟೆಯೊಳಗೆ ಮಗು ಒದ್ದಾಗಲೆಲ್ಲ ಲೋಟಕ್ಕೊಂದು ಹುಣಸೆ ಬೀಜ ಹಾಕು, ಸಂಜೆಯೊಳಗೆ ಹತ್ತಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಬಾ ಎಂದು ನರ್ಸ್ ಹೇಳಿದ್ದಳು. ಸಂಜೆಯಾದರೂ ಸೊಸೆ ಹಾಕಿದ್ದು ಮೂರೇ.

"ಅತ್ತೆಮ್ಮ, ಭಯ ಆಗ್ತಿದೆ. ಆಸ್ಪತ್ರೆಗೆ ಹೋಗೋಣ."

ಅತ್ತೆ ಒಲೆಯ ಮುಂದೆ ಕೂತು ತಿನ್ನಲು ಹುಣಸೆ ಬೀಜ ಹುರಿಯುತ್ತಿದ್ದಳು.

"ನಾಳೆ ಸೀಮಂತ ಇಟ್ಕೊಂಡು ಆಸ್ಪತ್ರೆಯಂತೆ! ನೆಂಟರನ್ನೆಲ್ಲ ಕರೆದಾಗಿದೆ. ಐದು ಹೆತ್ತಿದ್ದೀನಿ ಕಣೇ, ಒಂದು ಒದೆನಾದ್ರೂ ಎಣಿಸಿದ್ನಾ? ಹೋಗು, ಮುಖ ತೊಳ್ಕೊಂಡು ಬಾ."

ಅವಳು ಮುಖ ತೊಳೆದು ಬಂದಾಗ ಗಂಡ ಲೋಟ ಹಿಡಿದು ನಿಂತಿದ್ದ.

"ಹತ್ತು ಇದೆಯಲ್ಲೇ! ಎಣಿಸೋಕೂ ಬರಲ್ವಾ ನಿಂಗೆ? ಸುಮ್ನೆ ಎಲ್ಲರನ್ನೂ ಹೆದರಿಸ್ತೀಯ."

ಅವಳು ಲೋಟ ಕಿತ್ತುಕೊಂಡು ಬೀಜಗಳನ್ನು ಅಂಗೈಗೆ ಸುರಿದುಕೊಂಡಳು.

ಮೂರು ತಣ್ಣಗಿದ್ದವು. ಉಳಿದ ಏಳು ಇನ್ನೂ ಬಿಸಿಯಾಗಿದ್ದವು.