ಹ್ಯಾಕ್ ಆದ ಮೇಯರ್

ಗ್ರಂಥಾಲಯದ ಬೀಗ ತೆಗೆಯಲು ಮಾರ್ಲೀನ್ ಪೆಟ್ರಿಶಿನ್ ಬಂದಾಗ ಮೆಟ್ಟಿಲ ಮೇಲೆ ಮೇಯರ್ ಗಾರ್ತ್ ಲಿಂಡ್‌ಕ್ವಿಸ್ಟ್ ಕಾಯುತ್ತಿದ್ದ. ಮೇಯರ್ ಆಗಿ ಒಂಬತ್ತು ವರ್ಷವಾಗಿತ್ತು, ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸಸ್ಕಾಚೆವಾನ್ ಪ್ರಾಂತ್ಯದ ಜನವರಿ ಚಳಿ ಮೂಗು ಕೊರೆಯುತ್ತಿದ್ದರೂ ಅವನ ಹಣೆ ಬೆವೆತಿತ್ತು.

"ನನ್ನ ಅಕೌಂಟ್ ಹ್ಯಾಕ್ ಆಗಿದೆ ಮಾರ್ಲೀನ್," ಅಂದ.

ಅಷ್ಟು ಹೊತ್ತಿಗೆ ಡನ್ವಿಕ್ ಊರಿನಲ್ಲಿ ಆ ವಿಷಯ ಗೊತ್ತಿಲ್ಲದವರು ಉಳಿದಿರಲಿಲ್ಲ. ಗ್ರಂಥಾಲಯದ ಹೀಟರ್ ಕೆಟ್ಟಿದೆ, ದಯವಿಟ್ಟು ಸರಿ ಮಾಡಿಸಿ ಎಂದು ಎಂಬತ್ತೆರಡರ ಎಡ್ನಾ ಹಾಲ್ವರ್ಸನ್ ಹಿಂದಿನ ದಿನ ಊರಿನ ಅಂತರ್ಜಾಲ ಪುಟದಲ್ಲಿ ಬರೆದಿದ್ದಳು. ಅದರ ಕೆಳಗೆ ಗಾರ್ತ್ ಹೆಸರಿನಲ್ಲಿ ಉತ್ತರ ಬಂತು: 'ಈ ಮುದುಕಿಗೆ ಹೀಟರ್ ಬೇರೆ ಕೇಡು. ಇನ್ನೆರಡು ಚಳಿಗಾಲ ತಡ್ಕೊಂಡ್ರೆ ಅವಳೂ ಗ್ರಂಥಾಲಯವೂ ಒಟ್ಟಿಗೇ ಮುಚ್ಚಿಕೊಳ್ತವೆ.' ಗೆಳೆಯನೊಬ್ಬನಿಗೆ ಗುಟ್ಟಾಗಿ ಕಳಿಸಬೇಕಾದದ್ದು ಇಡೀ ಊರಿಗೆ ಹೋಗಿತ್ತು. ಅವನು ಅಳಿಸುವಷ್ಟರಲ್ಲಿ ನಾನೂರು ಜನ ಓದಿದ್ದರು. ಓದದವರಿಗೆ ಓದಿದವರು ಪುಣ್ಯದ ಕೆಲಸವೆಂಬಂತೆ ಅದರ ಚಿತ್ರ ತೆಗೆದು ಹಂಚಿದ್ದರು.

"ಹ್ಯಾಕ್ ಮಾಡಿದವನಿಗೆ ನಿನ್ನ ವರಸೆ ಚೆನ್ನಾಗೇ ಗೊತ್ತು," ಎಂದಳು ಮಾರ್ಲೀನ್, ದೀಪ ಹಾಕುತ್ತ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. "ಸ್ಕೂಲಲ್ಲಿ ನೀನು ತಪ್ಪು ಬರೀತಿದ್ದ ಸ್ಪೆಲಿಂಗನ್ನೂ ಬಿಟ್ಟಿಲ್ಲ ಪುಣ್ಯಾತ್ಮ."

"ಭಾರಿ ಬುದ್ಧಿವಂತರು ಇರ್ತಾರೆ ಅವರು."

"ಅಷ್ಟು ಬುದ್ಧಿವಂತ ಬ್ಯಾಂಕ್ ಬಿಟ್ಟು ನಮ್ಮ ಹೀಟರ್ ವಿಷಯಕ್ಕೆ ಬಂದನಾ?"

ಗಾರ್ತ್ ಕೋಟು ಬಿಚ್ಚಲಿಲ್ಲ. ಒಳಗೂ ಹೊರಗಿನಷ್ಟೇ ಚಳಿ. ಊರಿನಲ್ಲಿ ಕಂಪ್ಯೂಟರ್ ಬಲ್ಲವಳು ಎಂದು ಹೆಸರಿದ್ದವಳು ಮಾರ್ಲೀನ್ ಒಬ್ಬಳೇ. ಬುಧವಾರ ವಯಸ್ಸಾದವರಿಗೆ ಪಾಠ ಹೇಳುತ್ತಿದ್ದವಳೂ ಅವಳೇ. "ಪರೀಕ್ಷೆ ಮಾಡಿದೆ, ಹ್ಯಾಕ್ ಆಗಿದ್ದು ನಿಜ ಅಂತ ಒಂದು ಕಾಗದ ಬರೆದುಕೊಡು," ಅಂದ. "ಸೋಮವಾರ ಕೌನ್ಸಿಲ್ ಸಭೆ ಇದೆ. ಮೊದಲು ನನ್ನ ವಿಷಯ, ಆಮೇಲೆ ಗ್ರಂಥಾಲಯ ಮುಚ್ಚೋ ಪ್ರಸ್ತಾಪ. ಮೊದಲನೇದು ನೀನು ನೋಡ್ಕೊಂಡ್ರೆ ಎರಡನೇದು ನಾನು ನೋಡ್ಕೋತೀನಿ."

ಬಾಗಿಲು ತೋರಿಸಿಬಿಡಬೇಕು ಅನ್ನಿಸಿತು ಮಾರ್ಲೀನ್‌ಗೆ. ಆದರೆ ಪ್ರತಿದಿನ ಕೈಗವಸು ಹಾಕಿಕೊಂಡೇ ಪತ್ರಿಕೆಯ ಪುಟ ತಿರುವುವ ಹನ್ನೆರಡು ಮುದುಕ ಮುದುಕಿಯರು ನೆನಪಾದರು. ಇದು ಮುಚ್ಚಿದರೆ ಅವರಿಗೆ ಹೋಗಲು ಉಳಿಯುವುದು ಔಷಧಿ ಅಂಗಡಿ ಒಂದೇ. "ನೀನು ನೋಡ್ಕೊಳ್ಳೋದು ಬೇಡ," ಎಂದಳು. "ಆ ಪ್ರಸ್ತಾಪ ನೀನು ಅಕ್ಟೋಬರ್‌ನಲ್ಲಿ ಇದೇ ಅಕೌಂಟಿಂದ ಕಳಿಸಿದ್ದಲ್ವಾ?"

"ಹೌದು. ಯಾಕೆ?"

"ಅಕ್ಟೋಬರ್‌ನಿಂದಲೇ ಹ್ಯಾಕ್ ಆಗಿತ್ತು ಅಂತ ಬರೀತೀನಿ. ಹಾಗಾದ್ರೆ ಮಾತ್ರ ಬರೀತೀನಿ."

ಗಾರ್ತ್ ಕಿಟಕಿಯ ಮಂಜನ್ನು ಬೆರಳಿಂದ ಕೆರೆದ. "ಬರಿ," ಅಂದ.

ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮಾರ್ಲೀನ್ ಎದ್ದು ನಿಂತು ಕಾಗದ ಓದಿದಳು. ಕಳ್ಳ ಕಳಿಸಿದ ಪ್ರಸ್ತಾಪವನ್ನು ಚರ್ಚಿಸುವುದು ಸರಿಯಲ್ಲ ಎಂದು ಸದಸ್ಯರೆಲ್ಲ ಕೈ ಎತ್ತಿದರು. ಹೀಟರ್ ರಿಪೇರಿಗೆ ಒಪ್ಪಿಗೆ ಸಿಕ್ಕಿತು. ಇಷ್ಟು ತಿಂಗಳು ಒಬ್ಬನೇ ಇದನ್ನೆಲ್ಲ ಹೇಗೆ ತಡೆದುಕೊಂಡೆ ಎಂದು ಇಬ್ಬರು ಗಾರ್ತ್‌ನ ಭುಜ ತಟ್ಟಿದರು. ಸಾವಾದ ಮನೆಗೆ ಒಯ್ಯುವ ಹಾಗೆ ಮೂರು ಮನೆಯವರು ಅವನ ಮನೆಗೆ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸಿ ಒಯ್ದರು. ಎಡ್ನಾಳ ಮನೆಗೆ ಯಾರೂ ಏನೂ ಒಯ್ಯಲಿಲ್ಲ. ಅವಳ ಅಕೌಂಟ್ ಸರಿಯಾಗಿಯೇ ಇತ್ತಲ್ಲ.

ಮುಂದಿನ ವಾರದ ಪಾಠಕ್ಕೆ ಎಡ್ನಾ ಎಲ್ಲರಿಗಿಂತ ಮೊದಲು ಬಂದಳು. ಗ್ರಂಥಾಲಯ ಬೆಚ್ಚಗಿತ್ತು. ಟೋಪಿ ತೆಗೆದು, ಕೂದಲು ಸರಿ ಮಾಡಿಕೊಂಡು, "ಎಲ್ಲರೂ ಹ್ಯಾಕ್ ಹ್ಯಾಕ್ ಅಂತಿದ್ದಾರೆ. ಹಾಗಂದ್ರೆ ಏನಮ್ಮ?" ಎಂದು ಕೇಳಿದಳು.

"ನಮಗೆ ಗೊತ್ತಾಗದ ಹಾಗೆ ಬೇರೆ ಯಾರೋ ಒಳಗೆ ನುಗ್ಗಿ, ನಮ್ಮ ಹೆಸರಲ್ಲಿ ಮಾತಾಡೋದು," ಎಂದಳು ಮಾರ್ಲೀನ್, ಅವಳ ಮುಖ ನೋಡದೆ.

"ನಿನ್ನೆ ಅಂಗಡೀಲಿ ಗಾರ್ತ್ ಸಿಕ್ಕಿದ್ದ. ಕ್ಷಮೆ ಕೇಳಬಹುದು ಅಂತ ನಿಂತೆ. 'ನಿಮಗೆ ಎಷ್ಟು ನೋವಾಯ್ತೋ ನನಗೂ ಅಷ್ಟೇ ಆಯ್ತು ಎಡ್ನಾ' ಅಂದ. ಇಬ್ಬರ ಮನೆಗೂ ಒಬ್ಬನೇ ಕಳ್ಳ ನುಗ್ಗಿದ್ದ ಅನ್ನೋ ಹಾಗೆ. ಕೊನೆಗೆ ನಾನೇ ಅವನಿಗೆ ಸಮಾಧಾನ ಹೇಳಿ ಬಂದೆ." ಎಡ್ನಾ ಕನ್ನಡಕ ಒರೆಸಿಕೊಂಡಳು. "ಸಭೇಲಿ ಓದಿದೆಯಲ್ಲ, ಆ ಕಾಗದ ನೀನೇ ಬರೆದದ್ದಾ?"

'ಹ್ಯಾಕ್' ಎಂಬ ಆ ಒಂದು ಪದ ಮಾರ್ಲೀನ್‌ಳ ನಾಲಿಗೆ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡಳು.

"ನಾನೇ," ಎಂದಳು.

"ಸದ್ಯ," ಎಂದಳು ಎಡ್ನಾ, ಕುರ್ಚಿಯನ್ನು ಹೀಟರ್ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಈ ಊರಲ್ಲಿ ತಮ್ಮ ಸುಳ್ಳನ್ನ ತಮ್ಮದೇ ಅನ್ನೋರು ಒಬ್ಬರಾದ್ರೂ ಇದ್ದಾರೆ."